ಬೋಯರ್ ತರಲೋ, ಊರ ಮೇಕೆ ಕಟ್ಟಲೋ?

ಪ್ರಶ್ನೆ: ನಾನು ಶಿರಾ ತಾಲ್ಲೂಕಿನವನು. ಬೆಂಗಳೂರಿನ ಕೆಲಸ ಬಿಟ್ಟು ಬಂದಿದ್ದೇನೆ. ಮೂರು ಎಕರೆ ಖುಷ್ಕಿ ಜಮೀನಿದೆ. ಸಾಲ ಮಾಡಿ ಇಪ್ಪತ್ತು ಬೋಯರ್ ಮಿಶ್ರತಳಿ ಮೇಕೆ ತರುವ ಆಸೆ. ಮಾವನವರು ‘ನಮ್ಮ ಕಡೆ ಮೇಕೆಯೇ ಸಾಕು’ ಅನ್ನುತ್ತಾರೆ. ಮನೆಯಲ್ಲಿ ದಿನವೂ ಇದೇ ಜಗಳ. ಯಾವುದರಲ್ಲಿ ಲಾಭ?

ಉತ್ತರ: ಮಾವನವರ ಮಾತು ಕೇಳಿ. ಯಾಕೆಂದು ಲೆಕ್ಕದಲ್ಲೇ ಹೇಳುತ್ತೇನೆ.

ಹೋತದ ತೂಕ ನೋಡಿ ತಳಿ ಆರಿಸಬಾರದು. ನಿಮ್ಮ ಮೇವು ತಿಂದು ಒಂದು ಹೆಣ್ಣು ಮೇಕೆ ಎಷ್ಟು ಕಿಲೋ ಮರಿಯನ್ನು ಸಂತೆಗೆ ಮುಟ್ಟಿಸಿತು ಅನ್ನುವುದೇ ಮುಖ್ಯ. ಗಬ್ಬ ಐದು ತಿಂಗಳು. ಚೆನ್ನಾಗಿ ಸಾಕಿದರೆ ಎರಡು ವರ್ಷಕ್ಕೆ ಮೂರು ಸಲ ಈಯುತ್ತದೆ. ಉದಾಹರಣೆಗೆ, 30 ಕಿಲೋದ ಊರ ಮೇಕೆಯ ನಾಲ್ಕು ಮರಿ ಉಳಿದು, ತಲಾ 18 ಕಿಲೋಗೆ ಮಾರಿದಿರಿ ಅನ್ನಿ: 72 ಕಿಲೋ. 50 ಕಿಲೋದ ದೊಡ್ಡ ಮೇಕೆ ಮೂರು ಮರಿ ಉಳಿಸಿ, ಅವು 30 ಕಿಲೋ ತೂಗಿದರೆ 90. ದೊಡ್ಡದೇ ಮೇಲು ಅನ್ನಿಸುತ್ತದೆ. ಆದರೆ ದಿನಕ್ಕೆ ಮೈತೂಕದ ಶೇ. 4ರಷ್ಟು ಒಣಮೇವಿನ ಲೆಕ್ಕ ಹಿಡಿದರೆ ಅದಕ್ಕೆ 2 ಕಿಲೋ, ಊರ ಮೇಕೆಗೆ 1.2 ಕಿಲೋ ಬೇಕು. ಮೂರು ದೊಡ್ಡವು ತಿನ್ನುವಷ್ಟರಲ್ಲಿ ಐದು ಊರ ಮೇಕೆ ಬದುಕುತ್ತವೆ. ಆಗ 270 ಕಿಲೋ ಎಲ್ಲಿ, 360 ಎಲ್ಲಿ? ಈ ಅಂಕಿಗಳ ಜಾಗದಲ್ಲಿ ನಿಮ್ಮೂರಿನವು ಹಾಕಿ ನೋಡಿ.

ಬೋಯರ್ ದಕ್ಷಿಣ ಆಫ್ರಿಕಾದ ತಳಿ, ಬೇಗ ಬೆಳೆಯುವುದು ನಿಜ. ಆದರೆ ಹಿಂಡಿ, ಹಸಿಮೇವು ಧಾರಾಳವಾಗಿ ಸಿಕ್ಕರೆ ಮಾತ್ರ. ಇನ್ನೊಂದು ಭಯ ನನಗಿದೆ. ನಿಮಗೆ ತೋರಿಸುವ ಲಾಭವೆಲ್ಲ ಮರಿಗಳನ್ನು ಮತ್ತೊಬ್ಬ ಹೊಸ ಸಾಕಣೆದಾರನಿಗೆ ತಳಿಯ ರೇಟಿಗೆ ಮಾರುವ ಲೆಕ್ಕ. ಹೊಸಬರು ಬರುವುದು ನಿಂತ ದಿನ ಕೊಳ್ಳುವವನು ಮಾಂಸದಂಗಡಿಯವನೇ. ಅವನ ತಕ್ಕಡಿ ತಳಿ ಕೇಳುವುದಿಲ್ಲ. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ನಂದಿದುರ್ಗ ನಿಮ್ಮ ಸೀಮೆಯದೇ ನೋಂದಾಯಿತ ತಳಿ. ಲಾತೂರು, ತುಳಜಾಪುರದ ಒಣನೆಲದ ಉಸ್ಮಾನಾಬಾದಿಯೂ ಆದೀತು, ಅವಳಿ ಹಾಕುವುದರಲ್ಲಿ ಅದಕ್ಕೆ ಒಳ್ಳೆಯ ಹೆಸರಿದೆ. ಹತ್ತು ಹೆಣ್ಣು ತನ್ನಿ. ಹೋತ ಬೇರೆ ಮಂದೆಯದಿರಲಿ. ಕೊಳ್ಳುವಾಗ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ: ಕೆಂಪಗಿರಬೇಕು, ಬಿಳಿಚಿದ್ದರೆ ಜಂತು ರಕ್ತ ಹೀರಿದೆ. ಎರಡೂ ಮೊಲೆ ಹಿಂಡಿ ನೋಡಿ. ಪಿಪಿಆರ್, ಕರುಳುಬೇನೆ ಲಸಿಕೆ ತಪ್ಪಿಸಬೇಡಿ.

ದೊಡ್ಡ ಮೈಕಟ್ಟಿಗೆ ಬೆಲೆ ಬರುವುದು ಬಕ್ರೀದ್‌ಗೆ. ಆ ಆಸೆಯಿದ್ದರೆ ಕಿವಿ, ಕೊಂಬು ಊನವಾಗದ ಗಂಡುಮರಿ ನಾಲ್ಕನ್ನು ವರ್ಷ ತುಂಬುವವರೆಗೆ ಬೇರೆ ಕಟ್ಟಿ ಮೇಯಿಸಿ. ಆ ನಾಲ್ಕರ ಖರ್ಚನ್ನು ಬೇರೆ ಪುಟದಲ್ಲಿ ಬರೆದಿಡಿ.