ಕಿವಿಯ ನರದ ಗಡ್ಡೆಯನ್ನು ಅಳೆಯುವ ಬಗೆ

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ವೈದ್ಯಶಾಸ್ತ್ರಕ್ಕೆ ಸೇರಿದ ವಿಷಯವನ್ನು ಕುರಿತು ಬರೆಯಹೊರಟಿರುವುದು ಕೆಲವರಿಗೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ಈ ವಿಷಯವನ್ನು ನಾನಾಗಿ ಆರಿಸಿಕೊಂಡವನಲ್ಲ. ಅದೇ ನಮ್ಮ ಮನೆಗೆ ಬಂದಿತು. ನನ್ನ ತಾಯಿಯವರಿಗೆ ಎಡಗಿವಿ ಮಂದವಾಗಿ, ಒಳಗೆ ಸದಾ ಜೀರುಂಡೆ ಕೂಗಿದಂತಾಗುತ್ತಿತ್ತು. ಸ್ಕ್ಯಾನ್ ಮಾಡಿಸಿದಾಗ ಕಿವಿಯ ನರದ ಮೇಲೆ 14 ಮಿಲಿಮೀಟರಿನ ಗಡ್ಡೆಯಿದೆಯೆಂದು ತಿಳಿಯಿತು. ವರ್ಷ ಕಳೆದು ಬೇರೊಂದು ಕಡೆ ಮಾಡಿಸಿದ ಸ್ಕ್ಯಾನಿನ ವರದಿಯಲ್ಲಿ 23 ಮಿಲಿಮೀಟರ್ ಎಂದಿತ್ತು. ಮನೆಯಲ್ಲಿ ಇಂಗ್ಲಿಷ್ ಓದಬಲ್ಲವನು ನಾನೊಬ್ಬನೇ. “ಬೆಳ್ದೈತೇನೋ ಮಗ?” ಎಂದು ತಾಯಿ ಕೇಳಿದಾಗ ಆ ಎರಡು ಅಂಕಿಗಳನ್ನು ಹಿಡಿದುಕೊಂಡು ಸುಮ್ಮನೆ ನಿಂತಿದ್ದೆ.

ಮೆದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಎಂಟನೆಯದು ಶ್ರವಣಕ್ಕೂ ದೇಹದ ಸಮತೋಲಕ್ಕೂ ಸಂಬಂಧಿಸಿದುದು. ಸಮತೋಲದ ಎಳೆಗೆ ಹೊದಿಕೆಯಾಗಿರುವ ಶ್ವಾನ್ ಕೋಶಗಳು ಮಿತಿಮೀರಿ ವೃದ್ಧಿಯಾದರೆ ಈ ಗಡ್ಡೆಯಾಗುವುದು. ಹಿಂದೆ ಇದನ್ನು ಅಕೌಸ್ಟಿಕ್ ನ್ಯೂರೋಮ ಎನ್ನುತ್ತಿದ್ದರು. ಈಗ ವೆಸ್ಟಿಬ್ಯುಲರ್ ಶ್ವಾನೋಮ ಎಂಬ ಹೆಸರು ರೂಢಿಯಲ್ಲಿದೆ. ಇದು ಕ್ಯಾನ್ಸರಲ್ಲ. ಅನೇಕರಲ್ಲಿ ವರ್ಷಗಟ್ಟಲೆ ಬೆಳೆಯದೆಯೇ ಇರುವುದುಂಟು. ಆದರೆ ದೊಡ್ಡದಾದರೆ ಮೆದುಳಿನ ಕಾಂಡವನ್ನು ಒತ್ತುತ್ತದೆ. ತೆಗೆಯಹೋದರೆ, ಮುಖದ ನರವು ಪಕ್ಕದಲ್ಲಿಯೇ ಹಾದುಹೋಗುವುದರಿಂದ, ಮುಖ ಸೊಟ್ಟಗಾಗುವ ಭಯವೂ ಇದೆ. ಆದುದರಿಂದ ಚಿಕ್ಕ ಗಡ್ಡೆಯನ್ನು ಕಾದು ನೋಡುವರು. ಬೆಳೆಯುತ್ತಿದೆಯೆಂದು ಕಂಡರೆ ವಿಕಿರಣ ಚಿಕಿತ್ಸೆಯನ್ನೋ ಶಸ್ತ್ರಚಿಕಿತ್ಸೆಯನ್ನೋ ಯೋಚಿಸುವರು. ಹೀಗೆ ಎಲ್ಲವೂ ಅಳತೆಯ ಮೇಲೆ ನಿಂತಿರುವಾಗ ಅಳತೆಯೇ ಗೊಂದಲವಾದರೆ ಗತಿಯೇನು?

ಈ ಗಡ್ಡೆಯ ಆಕಾರ ಸಾಮಾನ್ಯವಾಗಿ ತೊಟ್ಟಿರುವ ಬದನೆಕಾಯಿಯಂತೆ. ತೊಟ್ಟು ಸುಮಾರು ಒಂದು ಸೆಂಟಿಮೀಟರ್ ಉದ್ದದ ಎಲುಬಿನ ನಾಳದೊಳಗೆ ಸಿಕ್ಕಿಕೊಂಡಿರುತ್ತದೆ. ಕಾಯಿ ನಾಳದ ಹೊರಗೆ, ಮೆದುಳಿನ ಕಡೆಗೆ ಉಬ್ಬಿರುತ್ತದೆ. ತೊಟ್ಟನ್ನು ಸೇರಿಸಿ ಅಳೆಯಬೇಕೆ, ಬಿಟ್ಟು ಅಳೆಯಬೇಕೆ? ನಾಳದ ಹೊರಗಿನ ಭಾಗದ ಅತಿ ದೊಡ್ಡ ವ್ಯಾಸವನ್ನು ಬೇರೆಯಾಗಿಯೇ ಹೇಳಬೇಕೆಂದು 2003ರಲ್ಲಿ ಪ್ರಕಟವಾದ ತಜ್ಞರ ಒಮ್ಮತದ ನಿರ್ಣಯವೊಂದು ಸೂಚಿಸಿತು. ಎಲ್ಲ ವರದಿಗಳೂ ಅದನ್ನು ಪಾಲಿಸುವುದಿಲ್ಲ. ನಮ್ಮ ವೈದ್ಯರು ಎರಡು ಫಿಲ್ಮುಗಳನ್ನೂ ಬೆಳಕಿನ ಪೆಟ್ಟಿಗೆಯ ಮೇಲೆ ಅಕ್ಕಪಕ್ಕದಲ್ಲಿರಿಸಿ ತಾವೇ ಅಳೆದರು. ಮೊದಲನೆಯ 14 ಬರಿಯ ಕಾಯಿಯ ಅಳತೆ. ಎರಡನೆಯದರಲ್ಲಿ ಕಾಯಿ 15, ತೊಟ್ಟು 8, ಕೂಡಿ 23. ಒಂಬತ್ತು ಮಿಲಿಮೀಟರಿನ ಬೆಳವಣಿಗೆ ಒಂದಕ್ಕಿಳಿಯಿತು! “ಹೆದರಬೇಡಿ ಅಮ್ಮಾ” ಎಂದರು. ಆ ರಾತ್ರಿ ನಮ್ಮ ಮನೆಯಲ್ಲಿ ಎಲ್ಲರೂ ಊಟ ಮಾಡಿದೆವು.

ಉಳಿದ ಒಂದು ಮಿಲಿಮೀಟರಿನ ಮಾತೇನು? ಒಂದೇ ಫಿಲ್ಮನ್ನು ಇಬ್ಬರು ಅಳೆದರೂ ಅಷ್ಟು ವ್ಯತ್ಯಾಸ ಬರಬಹುದು. ಆದುದರಿಂದ ವ್ಯಾಸವು ಎರಡು ಮಿಲಿಮೀಟರಿಗಿಂತ ಕಡಮೆ ಬದಲಾದರೆ ಅದನ್ನು ಸಾಮಾನ್ಯವಾಗಿ ಬೆಳವಣಿಗೆಯೆಂದು ಎಣಿಸುವುದಿಲ್ಲ. ನನಗೆ ಸಮಾಧಾನವಾಗಲಿಲ್ಲ. ನನ್ನ ತಂದೆ ರಾಗಿಯ ರಾಶಿಯ ಎತ್ತರ ನೋಡಿ ಬೆಲೆ ಒಪ್ಪಿದವರಲ್ಲ. ಅಳೆದು ನೋಡದೆ ಕೈಯಿಡರು. ಗಡ್ಡೆಯೂ ರಾಶಿಯೇ ಅಲ್ಲವೆ? ಕಾಯಿಯನ್ನು ಗುಂಡಗಿನದೆಂದು ಭಾವಿಸಿದರೆ ಘನಫಲವು ವ್ಯಾಸದ ಘನವನ್ನು ಅನುಸರಿಸುತ್ತದೆ. 14ರ ಘನ 2744, 15ರದು 3375: ಶೇಕಡ 23ರ ಹೆಚ್ಚಳ! ಘನಫಲದಲ್ಲಿ ಶೇಕಡ 20ಕ್ಕಿಂತ ಹೆಚ್ಚಿನ ಬದಲಾವಣೆಯನ್ನು ಬೆಳವಣಿಗೆಯೆಂದು ಎಣಿಸುವ ರೂಢಿಯೂ ಇದೆ. ಒಂದು ಲೆಕ್ಕದಲ್ಲಿ ಏನೂ ಆಗಿಲ್ಲ, ಇನ್ನೊಂದರಲ್ಲಿ ಬೆಳೆದಿದೆ.

ಇದನ್ನು ವೈದ್ಯರ ಮುಂದಿಟ್ಟಾಗ ಅವರು ನಕ್ಕು, ಗಡ್ಡೆ ಗೋಲಿಯಂತೆ ಗುಂಡಗಿರುವುದಿಲ್ಲ, ಒಂದು ವ್ಯಾಸದಿಂದ ಘನಫಲವನ್ನು ಊಹಿಸಿದರೆ ಅಳತೆಯ ತಪ್ಪೂ ಮೂರು ಪಾಲಾಗುತ್ತದೆಯೆಂದರು. ಉದ್ದ, ಅಗಲ, ಎತ್ತರಗಳನ್ನು ಗುಣಿಸಿ ಎರಡರಿಂದ ಭಾಗಿಸುವ ಸುಲಭ ಉಪಾಯವೊಂದಿದೆ. 20, 16, 15 ಇದ್ದರೆ 2400 ಘನ ಮಿಲಿಮೀಟರ್ ಎಂದಾಗುವುದು. ಮೊಟ್ಟೆಯಾಕಾರದ ವಸ್ತುವಿಗೆ ಇದು ಸಾಕು. ಇನ್ನೂ ನಿಖರವಾದುದು ಹೋಳುಗಳ ವಿಧಾನ. ಎಂ.ಆರ್.ಐ. ಯಂತ್ರವು ತಲೆಯನ್ನು ಪದರ ಪದರವಾಗಿ ತೋರಿಸುವುದಷ್ಟೆ. ಪ್ರತಿ ಪದರದಲ್ಲಿಯೂ ಗಡ್ಡೆಯ ಅಂಚನ್ನು ಗೆರೆಯೆಳೆದು ಗುರುತಿಸಿ, ವಿಸ್ತೀರ್ಣಗಳನ್ನು ಕೂಡಿ, ಪದರದ ದಪ್ಪದಿಂದ ಗುಣಿಸಬೇಕು. ಇದರ ಮೂಲತತ್ತ್ವಕ್ಕೆ 17ನೆಯ ಶತಮಾನದ ಇಟಲಿಯ ಗಣಿತಜ್ಞ ಕವಾಲಿಯೇರಿಯ ಹೆಸರಿದೆ. ಗಡೋಲಿನಿಯಮ್ ಎಂಬ ಔಷಧವನ್ನು ರಕ್ತನಾಳಕ್ಕೆ ಚುಚ್ಚಿದರೆ ಗಡ್ಡೆ ಬೆಳ್ಳಗೆ ಹೊಳೆಯುವುದರಿಂದ ಅಂಚು ಚೆನ್ನಾಗಿ ಕಾಣುತ್ತದೆ.

ತೊಡಕು ಬಂದುದು ಇಲ್ಲಿಯೇ. ತಾಯಿಯವರ ಮೊದಲ ಸ್ಕ್ಯಾನಿನ ಪದರಗಳು 5 ಮಿಲಿಮೀಟರ್ ದಪ್ಪ. ಗಡ್ಡೆ ಮೂರು ಪದರಗಳಲ್ಲಿ ಮುಗಿದುಹೋಗಿದೆ. ಮೇಲಿನ ಮತ್ತು ಕೆಳಗಿನ ಪದರಗಳಲ್ಲಿ ಅದು ಅರ್ಧ ತುಂಬಿತ್ತೋ ಪೂರ್ತಿ ತುಂಬಿತ್ತೋ ಹೇಳುವಂತಿಲ್ಲ. ಎರಡನೆಯದರಲ್ಲಿ 1 ಮಿಲಿಮೀಟರಿನ ಪದರಗಳಿವೆ. ಇವೆರಡನ್ನು ಹೋಲಿಸುವುದು ಬೊಗಸೆಯ ಲೆಕ್ಕವನ್ನು ಸೇರಿನ ಲೆಕ್ಕಕ್ಕೆ ಕಟ್ಟಿದಂತೆ.

ಇನ್ನು ಆರು ತಿಂಗಳಿಗೆ, ಎರಡನೆಯ ಸಲ ಮಾಡಿಸಿದ ಕಡೆಯೇ, ಅದೇ ತೆಳುವಾದ ಪದರಗಳಲ್ಲಿ ಮತ್ತೆ ಮಾಡಿಸಬೇಕೆಂದು ವೈದ್ಯರು ಬರೆದುಕೊಟ್ಟಿದ್ದಾರೆ. ಅಂದು ಹೊರುವ ಖರ್ಚಿಗಾಗಿ ತಂದೆ ಈಗಲೇ ಹಣ ಕೂಡಿಸುತ್ತಿದ್ದಾರೆ. ಹಳೆಯ ಫಿಲ್ಮುಗಳೂ ಸಿ.ಡಿ.ಯೂ ನನ್ನ ಪುಸ್ತಕಗಳ ಪೆಟ್ಟಿಗೆಯಲ್ಲಿವೆ. “ಬೆಳ್ದೈತೇನೋ?” ಎಂದು ತಾಯಿ ಈಗಲೂ ಕೇಳುತ್ತಾರೆ. “ಇನ್ನೂ ಗೊತ್ತಿಲ್ಲವ್ವ, ಸರಿಯಾಗಿ ಅಳೀಬೇಕು” ಎನ್ನುತ್ತೇನೆ, ಅವರ ಬಲಗಿವಿಯ ಕಡೆ ಕುಳಿತು.