ಗುಲಾಬಿಯ ಬಾಬ್ತು

ನಮ್ಮ ಮನೆಯ ತಿಂಗಳ ಲೆಕ್ಕದ ಪುಸ್ತಕದಲ್ಲಿ ಹಾಲು, ಕಿರಾಣಿ, ಕರೆಂಟು, ಔಷಧ ಎಂಬ ಬಾಬ್ತುಗಳ ಕೆಳಗೆ ಬಹಳ ವರ್ಷಗಳಿಂದ ‘ಗುಲಾಬಿ’ ಎಂಬ ಮತ್ತೊಂದು ಬಾಬ್ತು ಉಂಟು. ನಾಲ್ಕು ಹೂಗಿಡಗಳಿಗೆ ಇಷ್ಟೊಂದು ಮರ್ಯಾದೆ ಏಕೆಂದು ಮನೆಗೆ ಬಂದವರು ಕೇಳುವುದುಂಟು. ಅವಶ್ಯವಾಗಿ ಬೇಕು ಎಂಬುದೇ ನನ್ನ ಉತ್ತರ. ಲೆಕ್ಕಕ್ಕೆ ಸಿಕ್ಕದ ಸಣ್ಣ ವೆಚ್ಚಗಳೇ ಸಂಸಾರದ ಕೈಚೀಲವನ್ನು ಹೆಚ್ಚು ಬರಿದುಮಾಡುತ್ತವೆ. ಅದರಲ್ಲಿಯೂ ಉತ್ಸಾಹದಿಂದ ಆರಂಭವಾದ ಹವ್ಯಾಸದ ವೆಚ್ಚಕ್ಕೆ ಮೊದಲ ತಿಂಗಳಲ್ಲಿ ಕಡಿವಾಣವೆಂಬುದೇ ಇರುವುದಿಲ್ಲ. ಗಿಡಕ್ಕೂ ಕುಂಡಕ್ಕೂ ಧಾರಾಳವಾಗಿ ಹಣ ತೆತ್ತು, ಬೇಸಿಗೆ ಬರುವಷ್ಟರಲ್ಲಿ ಒಣಗಿದ ಕಡ್ಡಿಗಳನ್ನು ಕಿತ್ತು ತಿಪ್ಪೆಗೆಸೆದು, ಗುಲಾಬಿಯು ನಮ್ಮ ಸೀಮೆಗೆ ಒಗ್ಗುವ ಹೂವಲ್ಲವೆಂದು ತೀರ್ಮಾನಿಸಿ ಸುಮ್ಮನಾದ ಮನೆಗಳನ್ನು ನಮ್ಮ ಹೊಳೆಆಲೂರಿನಲ್ಲಿ ನಾನು ಸಾಕಷ್ಟು ಕಂಡಿದ್ದೇನೆ. ಆ ಮನೆಗಳಲ್ಲಿ ವೆಚ್ಚವಾದ ಹಣದ ಮೊತ್ತ ಕಡಿಮೆಯದೇನೂ ಆಗಿರಲಿಲ್ಲ. ಅದು ವೆಚ್ಚವಾದ ಕ್ರಮ ಮಾತ್ರ ತಲೆಕೆಳಗಾಗಿತ್ತು. ಹೊಸದಾಗಿ ಗುಲಾಬಿ ಬೆಳೆಸಬೇಕೆನ್ನುವವರು ತಮ್ಮ ರೊಕ್ಕವನ್ನು ಮೊದಲು ಮಣ್ಣಿಗೆ, ಅನಂತರ ನೀರಿಗೆ, ಕಟ್ಟಕಡೆಗೆ ಗಿಡಕ್ಕೆ ಕೊಡಬೇಕೆಂಬ ಈ ಒಂದು ಮಾತನ್ನು ಹೇಳುವುದಕ್ಕಾಗಿಯೇ ಈ ಸಲದ ಅಂಕಣವನ್ನು ಮೀಸಲಿಟ್ಟಿದ್ದೇನೆ.

ಮಲಪ್ರಭೆಯ ದಂಡೆಯ ಮೇಲಿರುವ ನಮ್ಮ ಊರಿನ ಭೂಮಿ, ರೋಣ ಸೀಮೆಯ ಬಹುಭಾಗದಂತೆಯೇ, ಎರಿ, ಅಂದರೆ ಕಪ್ಪು ಮಣ್ಣಿನ ಭೂಮಿ. ಹಿಂಗಾರಿಯಲ್ಲಿ ಬಿಳಿಜೋಳವನ್ನೂ ಕಡಲೆಯನ್ನೂ ಬೆಳೆದುಕೊಡುವುದರಲ್ಲಿ ಇದಕ್ಕೆ ಸಮಾನವಾದ ನೆಲ ಅಪರೂಪ; ಸೆಪ್ಟೆಂಬರಿನ ಮಳೆಯನ್ನು ತನ್ನ ಒಡಲಲ್ಲಿ ಹಿಡಿದಿಟ್ಟುಕೊಂಡು, ಆಮೇಲೆ ಹನಿ ಬೀಳದಿದ್ದರೂ, ಬರಿಯ ಇಬ್ಬನಿಯ ಚಳಿಯಲ್ಲಿ ಪೈರನ್ನು ತೆನೆಗಟ್ಟಿಸುವ ಶಕ್ತಿ ಇದಕ್ಕಿದೆ. ಆದರೆ ಜೋಳಕ್ಕೆ ವರವಾದ ಈ ಗುಣವೇ ಗುಲಾಬಿಗೆ ಸಂಕಟ. ಮಳೆ ಬಿದ್ದಾಗ ಉಬ್ಬಿ ಅಂಟಾಗಿ ನಿಂತ ನೀರು ಬಸಿದುಹೋಗದಂತೆ ತಡೆದು, ಬೇಸಿಗೆಯಲ್ಲಿ ಕೈ ಹೋಗುವಷ್ಟು ಅಗಲದ ಬಿರುಕು ಬಿಟ್ಟು ಎಳೆಯ ಬೇರುಗಳನ್ನು ಹರಿದುಹಾಕುವ ಈ ಮಣ್ಣಿನಲ್ಲಿ, ಗಾಳಿಯಾಡುವ ಸಡಿಲ ನೆಲವನ್ನು ಬಯಸುವ ಗುಲಾಬಿಯ ಬೇರು ಉಸಿರಾಡುವುದೇ ಕಷ್ಟ. ಅದರ ಮೇಲೆ ಸುಣ್ಣದ ಅಂಶವೂ ಇಲ್ಲಿ ಹೆಚ್ಚು. ಗುಲಾಬಿಗೆ ಹಿತವಾದುದು ತುಸು ಆಮ್ಲಗುಣದ ಮಣ್ಣು, ಅಂದರೆ ರಸಸಾರ 6ರಿಂದ 7ರ ಒಳಗಿನದು. ನಮ್ಮ ಎರಿಯದು ಸಾಮಾನ್ಯವಾಗಿ 8ನ್ನು ಮುಟ್ಟಿ ದಾಟುತ್ತದೆ. ಇಂತಹ ಮಣ್ಣಿನಲ್ಲಿ ಕಬ್ಬಿಣದ ಅಂಶವಿದ್ದರೂ ಅದು ಬೇರಿಗೆ ದಕ್ಕುವುದಿಲ್ಲ. ಹೊಸ ಎಲೆಗಳು ಹಳದಿಯಾಗಿ, ನರಗಳಷ್ಟೇ ಹಸುರಾಗಿ ಉಳಿದರೆ ಅದು ಈ ಕೊರತೆಯ ಗುರುತು. ಇದನ್ನು ಕಂಡ ಕೂಡಲೇ ಅಂಗಡಿಗೆ ಹೋಗಿ ಯೂರಿಯ ತಂದು ಸುರಿಯುವವರು ಹಲವರು. ಬೇಕಾಗಿರುವುದು ಲೀಟರು ನೀರಿಗೆ 5 ಗ್ರಾಮಿನಷ್ಟು ಅನ್ನಭೇದಿಯನ್ನು (ಕಬ್ಬಿಣದ ಸಲ್ಫೇಟನ್ನು) ಕರಗಿಸಿ, ನಾಲ್ಕು ಹನಿ ನಿಂಬೆರಸ ಹಿಂಡಿ, ತಂಪು ಹೊತ್ತಿನಲ್ಲಿ ಎಲೆಗಳ ಮೇಲೆ ಸಿಂಪಡಿಸುವಷ್ಟು ಮಾತ್ರ. ಅದರ ವೆಚ್ಚ ಒಂದು ಕಪ್ ಚಹದಷ್ಟೂ ಆಗದು.

ಆದುದರಿಂದ ನಮ್ಮ ಊರಿನಲ್ಲಿ ಗುಲಾಬಿಯ ಮೊದಲ ಬಂಡವಾಳ ಗುಂಡಿಗೆ ಸಲ್ಲತಕ್ಕದ್ದು. ಒಂದೂವರೆ ಅಡಿ ಉದ್ದ, ಅಷ್ಟೇ ಅಗಲ, ಅಷ್ಟೇ ಆಳದ ಗುಂಡಿಯನ್ನು ಬೇಸಿಗೆಯಲ್ಲಿಯೇ ತೋಡಿ, ಕೆಲವು ವಾರ ಬಿಸಿಲಿಗೆ ಬಿಟ್ಟು, ತಳದಲ್ಲಿ ಇಟ್ಟಂಗಿಯ ಚೂರುಗಳನ್ನು ಹರಡಿ, ಮಸಾರಿ ಮಣ್ಣು ಎರಡು ಪಾಲು, ನಮ್ಮ ಎರಿ ಒಂದು ಪಾಲು, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರ ಒಂದು ಪಾಲು, ಜೊತೆಗೆ ಕೊಂಚ ಉಸುಕು ಮತ್ತು ಹಿಡಿ ಬೇವಿನ ಹಿಂಡಿ, ಇಷ್ಟನ್ನು ಬೆರೆಸಿ ತುಂಬಿದರೆ ಗಿಡವು ಹಲವು ವರ್ಷ ನೆಮ್ಮದಿಯಿಂದ ಬಾಳುತ್ತದೆ. ಗಜೇಂದ್ರಗಡದ ಗುಡ್ಡಗಳ ಕಡೆಯ ಕೆಂಪು ಮಸಾರಿ ಇದಕ್ಕೆ ಉತ್ತಮ. ನಾಲ್ಕು ಗುಂಡಿಗಳಿಗೆ ನನ್ನ ಪುಸ್ತಕದಲ್ಲಿ ಬರೆದಿರುವ ಲೆಕ್ಕ ಹೀಗಿದೆ: ಮಸಾರಿ ಮಣ್ಣು ಆರು ಚೀಲಕ್ಕೆ 300 ರೂಪಾಯಿ, ತಿಪ್ಪೆಗೊಬ್ಬರ ನಾಲ್ಕು ಚೀಲಕ್ಕೆ 240, ಉಸುಕು ಎರಡು ಚೀಲಕ್ಕೆ 160, ಬೇವಿನ ಹಿಂಡಿ ಎರಡು ಕಿಲೋಗೆ 100, ಒಟ್ಟು 800. ತೆಗೆದಿರಿಸಿದ್ದ ಸಾವಿರದಲ್ಲಿ ಉಳಿದ 200 ರೂಪಾಯಿಗೆ ಎರಡು ಕಸಿಗಿಡಗಳು. ಇದೇ ಸಾವಿರ ರೂಪಾಯಿಯನ್ನು ಐದು ಗಿಡಗಳಿಗೆ 500, ಅಂದದ ಎರಡು ಕುಂಡಗಳಿಗೆ 400, ಗೊಬ್ಬರಕ್ಕೆ 100 ಎಂದು ಹಂಚಿದವರ ಅಂಗಳವನ್ನು ಒಂದು ವರ್ಷದ ಮೇಲೆ ಹೋಗಿ ನೋಡಬೇಕು.

ಇನ್ನು ಗಿಡದ ವಿಚಾರ. ಮಳೆಗಾಲ ಹಿಡಿದೊಡನೆ ಟಂಟಂ ಗಾಡಿಗಳಲ್ಲಿ ಸಸಿಗಳನ್ನು ಹೇರಿಕೊಂಡು ಓಣಿಯಿಂದ ಓಣಿಗೆ ಮಾರುತ್ತ ಬರುವವರಲ್ಲಿಯೂ, ಗದಗ ಬಾಗಲಕೋಟೆಗಳ ನರ್ಸರಿಗಳಲ್ಲಿಯೂ ದೊರೆಯುವ ಗುಲಾಬಿಗಳಲ್ಲಿ ಬಹುತೇಕ ಎಲ್ಲವೂ ಕಣ್ಣು ಕಸಿಯವು. ಅಂದರೆ ಒರಟು ಜಾತಿಯ ಬೇರುಗಿಡದ ತೊಗಟೆಯನ್ನು ಸೀಳಿ, ಅಂದದ ಹೂವಿನ ಜಾತಿಯೊಂದರ ಕಣ್ಣನ್ನು ಅದರಲ್ಲಿ ಕೂಡಿಸಿ ಕಟ್ಟಿ ಬೆಳೆಸಿದವು. ಕೊಳ್ಳುವಾಗ ಹೂವನ್ನು ನೋಡದೆ ಬುಡವನ್ನು ನೋಡಬೇಕು. ಕಣ್ಣು ಕೂಡಿಸಿದ ಗಂಟು ಎಲ್ಲಿದೆ, ಅದಕ್ಕೆ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಕಾಂಡವನ್ನು ಬಿಗಿಯುತ್ತಿದೆಯೆ, ಗಂಟಿನ ಮೇಲಿಂದ ಕನಿಷ್ಠ ಎರಡು ದಪ್ಪ ಟೊಂಗೆಗಳು ಹೊರಟಿವೆಯೆ ಎಂಬುದನ್ನು ಕೈಯಿಂದ ಮುಟ್ಟಿ ಪರೀಕ್ಷಿಸಿದ ಮೇಲೆಯೇ ಬೆಲೆಯ ಮಾತು. ಅನೇಕ ಗಿಡಗಳ ಬೇರಿನ ಸುತ್ತ ಅಂಟು ಜೇಡಿಯ ಗಟ್ಟಿ ಉಂಡೆಯೊಂದು ಇರುತ್ತದೆ. ದೂರದ ಪ್ರಯಾಣದಲ್ಲಿ ಬೇರು ಒಣಗದಿರಲೆಂದು ಮಾಡಿದ ಆ ಉಂಡೆ, ಹಾಗೆಯೇ ನೆಟ್ಟರೆ ಒಣಗಿ ಕಲ್ಲಾಗಿ, ಸುತ್ತಲಿನ ಮಣ್ಣು ಎಷ್ಟೇ ಒದ್ದೆಯಾಗಿದ್ದರೂ ಒಳಕ್ಕೆ ನೀರು ಬಿಡುವುದಿಲ್ಲ. ಬಕೆಟ್ಟಿನ ನೀರಿನಲ್ಲಿ ಅದ್ದಿ ಮೆತ್ತಗಾಗಿಸಿ, ಬೇರು ಹರಿಯದಂತೆ ಜೇಡಿಯನ್ನು ಬಿಡಿಸಿ, ಕಸಿಯ ಗಂಟು ನೆಲದಿಂದ ಎರಡು ಬೆರಳು ಮೇಲಿರುವಂತೆ ನೆಡುವುದು ಯುಕ್ತ. ಆ ಗಂಟಿನ ಕೆಳಗಿಂದ ಹೊರಡುವ ಹುಲುಸಾದ ಚಿಗುರನ್ನು ಕಂಡು ಹಿಗ್ಗುವವರಿದ್ದಾರೆ. ಅದು ಬೇರುಗಿಡದ ಚಿಗುರು, ಉಳಿಸಿದರೆ ಮೇಲಿನ ಹೂಗಿಡವನ್ನೇ ನುಂಗಿಬಿಡುತ್ತದೆ. ಬುಡ ಬಗೆದು, ಅದು ಹುಟ್ಟಿದಲ್ಲಿಂದಲೇ ಕಿತ್ತು ತೆಗೆಯಬೇಕು.

ಆದರೆ ಹೊಸಬರು ಮೊದಲ ವರ್ಷ ಗಿಡಕ್ಕೆ ಹಣವನ್ನೇ ಕೊಡದಿದ್ದರೂ ನಡೆಯುತ್ತದೆಂಬುದು ನನ್ನ ಮತ. ಈ ಪಾಠವನ್ನು ನನಗೆ ಕಲಿಸಿದವರು ನಮ್ಮ ಓಣಿಯ ಒಬ್ಬ ಹಿರಿಯರು, ನಾವೆಲ್ಲ ಆಯಿ ಎಂದು ಕರೆಯುವವರು. ನರ್ಸರಿಯ ಚೀಲವನ್ನು ಹಿಡಿದು ಬರುತ್ತಿದ್ದ ನನ್ನನ್ನು ಕಂಡು ಅವರು, “ರೊಕ್ಕ ಕೊಟ್ಟು ಯಾಕ ತರತೀ ತಂಗಿ? ನಮ್ಮ ಹಿತ್ತಲಕ ಬಂದು ನಾಕ ಕಡ್ಡಿ ಕಡಕೊಂಡು ಹೋಗು. ಹತ್ತಿದ್ರ ನಿಂದು, ಹತ್ತಲಿಲ್ಲಂದ್ರ ಮತ್ತ ನಾಕ ಒಯ್ಯಿ” ಎಂದರು. ಅವರ ಹಿತ್ತಲಲ್ಲಿದ್ದುದು ಎಲ್ಲರೂ ನಾಟಿ ಗುಲಾಬಿ ಎನ್ನುವ, ತಿಳಿಗೆಂಪಿನ, ಎಸಳು ಸಡಿಲವಾದ, ಓಣಿಯ ತುದಿಗೂ ಪರಿಮಳ ಮುಟ್ಟಿಸುವ ಪೊದೆ. ಹೂ ಬಿಟ್ಟು ಮುಗಿದ ಟೊಂಗೆಯಲ್ಲಿ ಪೆನ್ಸಿಲಿನಷ್ಟು ದಪ್ಪವಿರುವ ಭಾಗವನ್ನು ಆಯ್ದು, ಗೇಣುದ್ದಕ್ಕೆ ಕತ್ತರಿಸಿ, ಕೆಳತುದಿಯನ್ನು ಗಿಣ್ಣಿನ ಕೆಳಗೇ ಓರೆಯಾಗಿಯೂ ಮೇಲ್ತುದಿಯನ್ನು ನೇರವಾಗಿಯೂ ಕೊಯ್ದು, ಮೇಲಿನ ಒಂದೆರಡು ಎಲೆಗಳನ್ನು ಉಳಿಸಿ ಮಿಕ್ಕವನ್ನು ತೆಗೆದು, ಎರಡು ಗಿಣ್ಣು ಹೂಳುವಂತೆ ಉಸುಕು ಬೆರೆತ ಮಣ್ಣಿನಲ್ಲಿ ಊರಿ, ನೆರಳಿನಲ್ಲಿಟ್ಟು ಮಣ್ಣನ್ನು ಒಣಗಗೊಡದೆ ಕಾಯ್ದರೆ, ಸುಮಾರು ಆರರಿಂದ ಎಂಟು ವಾರಗಳಲ್ಲಿ ಬೇರು ಹಿಡಿಯುತ್ತದೆ. ಮೊದಲ ಚಿಗುರು ಕಾಣಿಸಿದ ಕೂಡಲೇ ಬೇರು ಬಂದಿತೆಂದು ನಂಬಬಾರದು. ಕಡ್ಡಿಯಲ್ಲಿ ಸಂಗ್ರಹವಾಗಿದ್ದ ಸತ್ವದಿಂದಲೇ ಅದು ಚಿಗುರಬಲ್ಲದು. ಮೆಲ್ಲನೆ ಎಳೆದಾಗ ಕಡ್ಡಿ ಬಿಗಿಹಿಡಿದು ನಿಂತರೆ ಅದೇ ನಿಜವಾದ ಸಾಕ್ಷಿ.

ಈ ನಾಟಿ ಎಂಬ ಹೆಸರಿನ ಹಿಂದಿರುವ ಚರಿತ್ರೆಯೂ ಸೊಗಸಾದುದು. ನಾಟಿಯೆಂದು ಕರೆಸಿಕೊಳ್ಳುವವುಗಳಲ್ಲಿ ಒಂದಾದ, ದಕ್ಷಿಣ ಭಾರತದ ಹೂಪೇಟೆಗಳಲ್ಲಿ ಎಡ್ವರ್ಡ್ ಗುಲಾಬಿಯೆಂದು ಮಾರಾಟವಾಗುವ ಪರಿಮಳದ ತಳಿ, ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪಕ್ಕೆ ಸಂಬಂಧಿಸಿದ ಬೂರ್ಬನ್ ವರ್ಗದ್ದು. ಚೀನದ ಗುಲಾಬಿಗೂ ಡಮಾಸ್ಕ್ ಗುಲಾಬಿಗೂ ಆದ ಸಂಕರದಿಂದ ಹುಟ್ಟಿದ್ದು. ವರ್ಷವಿಡೀ ಮರಳಿ ಮರಳಿ ಹೂಬಿಡುವ ಗುಣವನ್ನು ಚೀನದ ಗುಲಾಬಿಯೂ, ಸುಗಂಧವನ್ನು ಡಮಾಸ್ಕ್ ಗುಲಾಬಿಯೂ ಅದಕ್ಕೆ ಕೊಟ್ಟವು. ಅಂಗಡಿಗಳಲ್ಲಿ ನೀಳವಾದ ಮೊಗ್ಗಿನಿಂದ ಮನಸ್ಸನ್ನು ಸೆಳೆಯುವ ಹೈಬ್ರಿಡ್ ಟೀ ವರ್ಗವಾದರೋ ಆಮೇಲೆ ಬಂದದ್ದು. 1867ರಲ್ಲಿ ಫ್ರಾನ್ಸಿನ ಗುಲಾಬಿ ಬೆಳೆಗಾರ ಗಿಯೋ ಹೊರತಂದ ‘ಲಾ ಫ್ರಾನ್ಸ್’ ತಳಿಯನ್ನು ಆ ವರ್ಗದ ಮೊದಲನೆಯದೆಂದು ಎಣಿಸುತ್ತಾರೆ. ನಮ್ಮಲ್ಲಿಯೂ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯು ‘ಅರ್ಕಾ ಪರಿಮಳ’ವೆಂಬ ಸುವಾಸನೆಯ ತಳಿಯನ್ನು ಬಿಡಿಹೂವಿಗಾಗಿಯೇ ಬಿಡುಗಡೆಮಾಡಿದೆ. ಚೆಲುವಿಗೆ ಸೋತು ಪರಿಮಳವನ್ನು ಕಳೆದುಕೊಂಡ ಹೂವಿಗಿಂತ ಇಂತಹವುಗಳಿಗೆ ಹಣ ಕೊಡುವುದು ನನಗೆ ಹೆಚ್ಚು ಪ್ರಿಯವಾದುದು.

ನೀರಿಗೆ ಹಣವೇಕೆ ಎಂದು ಕೇಳಬಹುದು. ನಮ್ಮ ಸುತ್ತಿನ ಬೋರುಗಳ ನೀರು ಅನೇಕ ಕಡೆ ಸವಳು. ಕುಂಡದ ಮಣ್ಣಿನ ಮೇಲೆ ಬೆಳ್ಳಗೆ ಹಪ್ಪಳಗಟ್ಟಿದ ಉಪ್ಪೇ ಅದಕ್ಕೆ ಸಾಕ್ಷಿ. ಗುಲಾಬಿಯು ಉಪ್ಪನ್ನು ತಾಳದ ಗಿಡ. ಮಾಳಿಗೆಯ ದೋಣಿಯ ಕೆಳಗೆ ಒಂದು ಹಳೆಯ ಡ್ರಮ್ಮನ್ನಿಟ್ಟು ಮಳೆನೀರು ಹಿಡಿಯುವ ವ್ಯವಸ್ಥೆಗೆ ನಾನು ಕೊಟ್ಟ 500 ರೂಪಾಯಿ, ಔಷಧದ ಬಾಟಲಿಗಳಿಗೆ ಕೊಡಬೇಕಾಗಿದ್ದ ಹಣವನ್ನು ಉಳಿಸಿತೆಂದೇ ನನ್ನ ಎಣಿಕೆ. ನೀರೆರೆಯುವ ಹೊತ್ತು ಕೂಡ ಹಣದ ಪ್ರಶ್ನೆಯೇ. ಎಲೆಯ ಮೇಲೆ ಕಪ್ಪು ಚುಕ್ಕೆಗಳನ್ನು ಮೂಡಿಸಿ, ಎಲೆಯನ್ನು ಹಳದಿಮಾಡಿ ಉದುರಿಸುವ ಶಿಲೀಂಧ್ರಕ್ಕೆ ಮೊಳಕೆಯೊಡೆದು ಒಳಹೊಗಲು ಎಲೆಯು ಸುಮಾರು ಏಳು ತಾಸು ಎಡೆಬಿಡದೆ ಒದ್ದೆಯಾಗಿರಬೇಕು. ಸಂಜೆ ತಲೆಯ ಮೇಲಿಂದ ನೀರು ಸುರಿದವರು ಆ ಏಳು ತಾಸುಗಳನ್ನು ತಾವಾಗಿಯೇ ಅದಕ್ಕೆ ಒದಗಿಸಿಕೊಟ್ಟಂತೆ. ಬೆಳಗಿನಲ್ಲಿ ಬುಡಕ್ಕೆ ಮಾತ್ರ ಎರೆದು, ಉದುರಿದ ಎಲೆಗಳನ್ನು ಆಯ್ದು ಸುಟ್ಟರೆ ಶಿಲೀಂಧ್ರನಾಶಕದ ವೆಚ್ಚ ಬಹುಮಟ್ಟಿಗೆ ತಪ್ಪುತ್ತದೆ.

ಇಷ್ಟೆಲ್ಲ ಮಾಡಿದುದರಿಂದ ಹೂವಿನ ಖರ್ಚು ಉಳಿಯಿತೆ ಎಂದು ಕೇಳುವವರಿಗೆ ನೇರವಾಗಿ ಹೇಳುತ್ತೇನೆ: ಆ ಆಸೆಯಿಂದ ಗುಲಾಬಿ ನೆಡಬಾರದು. ಶ್ರಾವಣದಲ್ಲಿ, ದಸರೆ ದೀಪಾವಳಿಗಳಲ್ಲಿ ಹೂವಿನ ಬೆಲೆ ಏರಿದ ದಿನವೇ ನಮ್ಮ ಗಿಡ ಹೂಬಿಡಬೇಕೆಂಬ ನಿಯಮವಿಲ್ಲ. ಜಗುಲಿಯ ಮೇಲಿನ ದೇವರಿಗೆ ದಿನಕ್ಕೊಂದೆರಡು ಹೂ ದೊರೆತರೆ ಅದೇ ಹೆಚ್ಚಿನದು. ಗುಲ್ಕಂದದ ಮಾತು ಬೇರೆ. ನಾಟಿ ಗುಲಾಬಿಯ ಎಸಳುಗಳನ್ನೂ ಅಷ್ಟೇ ತೂಕದ ಸಕ್ಕರೆಯನ್ನೂ ಗಾಜಿನ ಬರಣಿಯಲ್ಲಿ ಪದರ ಪದರವಾಗಿ ತುಂಬಿ ಕೆಲವು ವಾರ ಬಿಸಿಲಿಗಿಟ್ಟರೆ ನಮ್ಮ ಉರಿಬೇಸಿಗೆಗೆ ಹೇಳಿಮಾಡಿಸಿದ ತಂಪು ಸಿದ್ಧವಾಗುತ್ತದೆ, ಅದರ ಬೆಲೆ ಸಕ್ಕರೆಯ ಬೆಲೆಯಷ್ಟೆ. ಕೀಟನಾಶಕ ಹೊಡೆದ ಗಿಡದ ಎಸಳನ್ನು ಮಾತ್ರ ಇದಕ್ಕೆ ಬಳಸಕೂಡದು. ಉಳಿದಂತೆ ಗುಲಾಬಿಯ ವೆಚ್ಚವನ್ನು ಮಕ್ಕಳ ಪುಸ್ತಕದ ವೆಚ್ಚದಂತೆ, ಬೇಕೆಂದೇ ಮಂಜೂರು ಮಾಡಿದ ಖರ್ಚೆಂದು ಪುಸ್ತಕದಲ್ಲಿ ಬರೆಯುವುದೇ ಪ್ರಾಮಾಣಿಕವಾದ ರೀತಿ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಂದುದನ್ನು ನಮ್ಮ ಭಾಗದವರು ಮರೆತಿಲ್ಲ. ನವಿಲುತೀರ್ಥದ ಅಣೆಕಟ್ಟಿನಿಂದ ಬಿಟ್ಟ ನೀರೂ ಬೆಣ್ಣೆಹಳ್ಳದ ಪ್ರವಾಹವೂ ಕೂಡಿ ಹೊಳೆಸಾಲಿನ ಊರುಗಳನ್ನು ಮುಳುಗಿಸಿದ ಆ ದಿನಗಳಲ್ಲಿ ಜನರು ಕಳೆದುಕೊಂಡುದರ ಮುಂದೆ ಹೂಗಿಡಗಳ ಮಾತೇ ಅಲ್ಪವಾದುದು. ಆದರೂ ಈ ಅಂಕಣಕ್ಕೆ ಸಂಬಂಧಿಸಿದ ಒಂದು ಸಂಗತಿ ಅದರಲ್ಲಿದೆ. ನೀರಿಳಿದ ಮೇಲೆ ಅಂಗಳದಲ್ಲಿ ಉಳಿದ ರಾಡಿಯನ್ನು ಬಾಚಿ, ಬುಡದ ಹೆಪ್ಪನ್ನೊಡೆದು, ಕರಿದಾದ ಟೊಂಗೆಗಳನ್ನೆಲ್ಲ ನೆಲದವರೆಗೆ ಕಡಿದು ಕಾಯ್ದೆವು. ಕಸಿಗಿಡಗಳಲ್ಲಿ ಗಂಟಿನ ಮೇಲಿನ ಭಾಗ ಸತ್ತು, ಒಂದರಲ್ಲಿ ಬೇರುಗಿಡ ಮಾತ್ರ ಚಿಗುರಿತು. ಹಣ ಕೊಟ್ಟು ತಂದ ಹೂವು ಮತ್ತೆ ಬರಲಿಲ್ಲ. ಆಯಿಯ ಹಿತ್ತಲಿನ ಕಡ್ಡಿಯಿಂದ ಬೆಳೆದ ನಾಟಿಯು ಸ್ವಂತ ಬೇರಿನ ಗಿಡವಾದ್ದರಿಂದ, ನೆಲದೊಳಗಿಂದ ಹೊರಟ ಅದರ ಚಿಗುರಿನಲ್ಲಿ ಅದೇ ಹೂವು, ಅದೇ ಪರಿಮಳ. ಹೊಳೆಯ ದಂಡೆಯಲ್ಲಿ ಮನೆಯುಳ್ಳವರು ಇದನ್ನು ವಿಮೆಯೆಂದು ಭಾವಿಸಿ, ಅಂಗಳದ ಅರ್ಧ ಗಿಡಗಳನ್ನಾದರೂ ಸ್ವಂತ ಬೇರಿನವನ್ನಾಗಿಯೇ ಇಟ್ಟುಕೊಳ್ಳಬೇಕೆಂದು ಅಂದಿನಿಂದ ನಾನು ಹೇಳುತ್ತ ಬಂದಿದ್ದೇನೆ.

ಈಗ ಅಕ್ಟೋಬರು ಸಮೀಪಿಸುತ್ತಿದೆ. ಮಳೆ ಹಿಂದೆಗೆದ ಮೇಲೆ ಒಣ ಟೊಂಗೆ, ಒಳಮುಖವಾಗಿ ಬೆಳೆದ ಟೊಂಗೆ, ಒಂದನ್ನೊಂದು ಉಜ್ಜುವ ಟೊಂಗೆಗಳನ್ನು ತೆಗೆದು, ಉಳಿದವನ್ನು ಹೊರಮುಖದ ಕಣ್ಣಿನ ಮೇಲೆ ಅರ್ಧಕ್ಕೆ ಕತ್ತರಿಸಿ, ಬುಡಕ್ಕೆ ಹೊಸ ಗೊಬ್ಬರ ಕೊಟ್ಟರೆ, ಸುಮಾರು ಒಂದೂವರೆ ತಿಂಗಳಿನಲ್ಲಿ ಚಳಿಗಾಲದ ದೊಡ್ಡ ಹೂವುಗಳು ಆರಂಭವಾಗುತ್ತವೆ. ಒಳ್ಳೆಯ ಕತ್ತರಿಯೊಂದಕ್ಕೆ 350 ರೂಪಾಯಿಯನ್ನು ಈ ತಿಂಗಳ ಬಾಬ್ತಿನಲ್ಲಿ ತೆಗೆದಿರಿಸಿದ್ದೇನೆ. ಮೊಂಡು ಕತ್ತರಿಯಿಂದ ಜಜ್ಜಿದ ತುದಿಯಿಂದಲೇ ಟೊಂಗೆ ಒಣಗುವ ರೋಗ ಇಳಿಯುವುದರಿಂದ ಇದರಲ್ಲಿ ಜಿಪುಣತನ ಸಲ್ಲದು. ಕತ್ತರಿಸಿದ ಕಡ್ಡಿಗಳಿಗೆ ನಮ್ಮ ಓಣಿಯ ಮೂರು ಮನೆಯವರು ಈಗಾಗಲೇ ಹೇಳಿಟ್ಟಿದ್ದಾರೆ. ಗುಂಡಿ ತೋಡಿ ಮಸಾರಿ ತುಂಬಿದವರಿಗೆ ಮೊದಲು ಕೊಡುವುದೆಂದು ಅವರಿಗೆ ತಿಳಿಸಿದ್ದೇನೆ.