ಮೂಡುಬಿದಿರೆಯಲ್ಲಿ ಮನೆ ಹುಡುಕುವ ಮುನ್ನ

ಪ್ರಶ್ನೆ: ವರ್ಗಾವಣೆಯಾಗಿ ಧಾರವಾಡದಿಂದ ಮೂಡುಬಿದಿರೆಗೆ ಬರುತ್ತಿದ್ದೇವೆ. ಬಾಡಿಗೆ ಮನೆ ನೋಡುವಾಗ ಏನೇನು ಗಮನಿಸಬೇಕು?

ಉತ್ತರ: ಎರಡು ಕಾಲದ ಪ್ರಶ್ನೆ ಕೇಳಿ, ಆಮೇಲೆ ಮುಂಗಡ ಕೊಡಿ. ಜುಲೈ ಮಳೆಗೆ ಗೋಡೆ ಒಸರುತ್ತದೆಯೇ? ಏಪ್ರಿಲ್‌, ಮೇಯಲ್ಲಿ ಬಾವಿಯಲ್ಲಿ ನೀರಿರುತ್ತದೆಯೇ? ಮಾಲೀಕರಿಗಿಂತ ನೆರೆಮನೆಯವರು ಸರಿಯಾಗಿ ಹೇಳುತ್ತಾರೆ. ಬಟ್ಟೆ ಒಣಗಿಸಲು ಮಾಡಿನಡಿ ಜಾಗವಿರಲೇಬೇಕು. ಮಳೆಗಾಲದಲ್ಲಿ ಕಪಾಟಿನೊಳಗಿನ ಪುಸ್ತಕ, ಚರ್ಮದ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ; ಬಿಸಿಲು ಬಂದಾಗಲೆಲ್ಲ ಹೊರಗಿಡಿ.

ಅಂಗಡಿ, ಬಸ್ಸಿನಲ್ಲಿ ತುಳು ಮಾತೇ ಹೆಚ್ಚು. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಉತ್ತರಿಸುತ್ತಾರೆ, ಅಂಜಬೇಡಿ. ಆದರೂ ಮಕ್ಕಳು ತುಳು ಕಲಿಯಲಿ, ಊರು ಬೇಗ ತಮ್ಮದಾಗುತ್ತದೆ.

ಇಲ್ಲಿನ 18 ಬಸದಿಗಳನ್ನು ಒಂದೇ ದಿನ ಸುತ್ತಬೇಡಿ. 1430ರ ಸಾವಿರ ಕಂಬದ ಬಸದಿಗೆ ಒಂದು ಬೆಳಗ್ಗೆಯನ್ನೇ ಮೀಸಲಿಡಿ. ಅಲ್ಲಿನ ಕಂಬಗಳ ಕೆತ್ತನೆ ಒಂದರಂತೆ ಇನ್ನೊಂದಿಲ್ಲ. ಭಾನುವಾರ ಬೆಳ್ತಂಗಡಿ ತಾಲ್ಲೂಕಿನ ವೇಣೂರಿಗೆ ಹೋಗಿ, 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ ಬಾಹುಬಲಿಯನ್ನು ಮಕ್ಕಳಿಗೆ ತೋರಿಸಿ.